ಟವೆಲ್ ಹಾಕಿದ ಗುಂಡಿ

ಗುಂಡಿಯೊಳಗೆ ನಿಂತು ನಗಬಾರದು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಹೇಳಿಕೊಟ್ಟ ಮೊದಲ ಪಾಠ ಅದು. ಮೇಲೆ ಹೆಣ ಇಟ್ಟುಕೊಂಡು ಅಳುವವರು ನಿಂತಿರುತ್ತಾರೆ. ಕೆಳಗೆ ತೋಡುವವಳು ಕಿಸಕ್ಕೆಂದರೆ ಸುಮ್ಮನೆ ಬಿಡುತ್ತಾರೆಯೇ? ಇಷ್ಟು ವರ್ಷ ಗುಂಡಕ್ಕ ಆ ಮಾತು ಮೀರಿದವಳಲ್ಲ. ಆವತ್ತು ಮೀರಿದಳು. ಎದೆಮಟ್ಟದ ಗುಂಡಿಯಲ್ಲಿ ಹಾರೆ ಊರಿಕೊಂಡು ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪಕ್ಕದ ಗುಂಡಿಯಲ್ಲಿದ್ದ ನಾದಿನಿ ನಕ್ಕು ನಕ್ಕು ಕುಸಿದು ಕೂತು, "ಅತ್ತಿಗೆ, ಕೈ ಕೊಡೇ, ಇನ್ನು ತಡೆಯೋಕಾಗಲ್ಲ, ಇಲ್ಲೇ ಉಚ್ಚೆ ಹೊಯ್ಕೊಂಡ್ಬಿಡ್ತೀನಿ" ಅಂದಳು.

ಯಾಕೆ ನಕ್ಕರು ಅಂತ ಹೇಳಬೇಕಾದರೆ ಪುರಸಭೆಯ ಕಥೆ ಹೇಳಬೇಕು. ಅದು ನಗು ಬರುವ ಕಥೆಯಲ್ಲ, ಹೊಟ್ಟೆ ಉರಿಯುವ ಕಥೆ.

ಗುಂಡಿ ತೋಡುವ ಅಕ್ಕ, ಅದಕ್ಕೇ ಊರವರ ಬಾಯಲ್ಲಿ ಗುಂಡಕ್ಕ. ಆಳು ನೋಡಿದರೆ ಕಡ್ಡಿ ಪೈಲ್ವಾನ್. ಊರಿನ ಸ್ಮಶಾನದಲ್ಲಿ ಹೆಣಕ್ಕೆ ಗುಂಡಿ ತೋಡುವುದು ಅವಳ ಗಂಡನ ಮನೆಯ ಕೆಲಸ. ಮಾವ ತೋಡಿದ, ಗಂಡ ತೋಡಿದ. ಈಗ ಅವಳು, ಮದುವೆ ಬೇಡವೆಂದು ತವರಲ್ಲೇ ಉಳಿದ ನಾದಿನಿ, ಗುಂಡಿಯ ಅಂಚಿನಲ್ಲಿ ಕೂತು ತಪ್ಪು ಹೇಳಲು ಅತ್ತೆ. ಕಲ್ಲುಮಣ್ಣು. ಹಾರೆ ಹಾಕಿದರೆ ಭುಜದವರೆಗೂ ಝುಮ್ಮೆನ್ನುತ್ತದೆ. ಅಂಗೈ ಒಡೆದು, ಒಣಗಿ, ಮತ್ತೆ ಒಡೆದು ಈಗ ಎಮ್ಮೆಯ ಚರ್ಮ. ಮೂಗು ಸೀಟಿದರೆ ಮಣ್ಣು. ಕೆಲಸ ಮುಗಿದ ಮೇಲೆ ಹೆಣದ ಕಡೆಯವರು ಕೂಲಿಯನ್ನು ಕೈಗೆ ಕೊಡುತ್ತಿರಲಿಲ್ಲ, ಮಣ್ಣಿನ ಗುಡ್ಡೆಯ ಮೇಲೆ ಎಸೆಯುತ್ತಿದ್ದರು. ಬಗ್ಗಿ ಆರಿಸಿಕೊಳ್ಳಬೇಕು. ಬಾಯಾರಿಕೆ ಅಂದರೆ ಮೇಲಿಂದ ಬೊಗಸೆಗೆ ನೀರು ಹೊಯ್ಯುತ್ತಿದ್ದರು, ಚೊಂಬು ಮುಟ್ಟಿಸುತ್ತಿರಲಿಲ್ಲ. ಅಪ್ಪನ ಹೆಣವನ್ನು ಇವಳ ಕೈಗೆ ಇಳಿಸಲು ಅಡ್ಡಿಯಿಲ್ಲ, ಚೊಂಬಿಗೆ ಮಾತ್ರ ಮೈಲಿಗೆ!

ಊರಿಗೆಲ್ಲ ಗುಂಡಿ ತೋಡುವವರಿಗೆ ಊರವರ ಸಾಲಿನಲ್ಲಿ ಜಾಗ ಇರಲಿಲ್ಲ. ಹಿಂಗೋಡೆಯ ಮೂಲೆ ಅವರದು. ಅಲ್ಲಿ ಕಲ್ಲು ನಿಲ್ಲಿಸಲು ಊರವರು ಬಿಡಲಿಲ್ಲ. ಅದಕ್ಕೆ ಅವರದೇ ಒಂದು ಕ್ರಮ ಇತ್ತು. ತೋಡುವವನು ಸತ್ತರೆ ಅವನ ಗುದ್ದಲಿಯಿಂದ ಕಾವು, ಅಂದರೆ ಮರದ ಹಿಡಿ, ಬಿಚ್ಚಿ ತಲೆಯ ಕಡೆ ನೆಡುವುದು. ಜೀವಮಾನವೆಲ್ಲ ಕೈಬೆವರು ಕುಡಿದು ನುಣುಪಾದ ಕಟ್ಟಿಗೆ ಅದು, ಬೇಗ ಗೆದ್ದಲು ಹಿಡಿಯುವುದಿಲ್ಲ. ಗುಂಡಕ್ಕನ ಮಾವನ ಕಾವು ಅಲ್ಲಿತ್ತು. ಒಂದು ಆಳು ಮಲಗುವಷ್ಟು ಜಾಗ ಬಿಟ್ಟು ಗಂಡನ ಕಾವು ಇತ್ತು. ಗಂಡ ಸತ್ತದ್ದು ಪುರಸಭೆಯ ಚರಂಡಿ ತೋಡುವಾಗ, ಹಸಿಮಣ್ಣು ಕುಸಿದು. ಅವನು ನಮ್ಮ ಕೆಲಸಗಾರನೇ ಅಲ್ಲ ಅಂತ ಪುರಸಭೆ ಕೈ ತೊಳೆದುಕೊಂಡಿತು. ಅವನ ಗುಂಡಿಯನ್ನು ಗುಂಡಕ್ಕನೇ ತೋಡಿದಳು. ಇನ್ಯಾರು ತೋಡುತ್ತಾರೆ?

ನಡುವೆ ಬಿಟ್ಟ ಜಾಗ ಅತ್ತೆಯದು. "ಈ ಕಡೆ ಗಂಡ, ಆ ಕಡೆ ಮಗ, ನಡುವೆ ನಾನು. ಇಬ್ಬರಿಗೂ ಜಗಳ ಬಂದ್ರೆ ಬಿಡಿಸೋಕೆ ಒಬ್ಬಳು ಬೇಕಲ್ಲ" ಅನ್ನುತ್ತಿದ್ದಳು. ಆ ಜಾಗದ ಮೇಲೆ ಯಾರಾದರೂ ಕಾಲಿಟ್ಟರೆ ಸಾಕು, "ನನ್ನ ಹಾಸಿಗೆ ತುಳೀಬೇಡ್ರೋ" ಅಂತ ಅಷ್ಟು ದೂರದಿಂದಲೇ ಕೂಗುತ್ತಿದ್ದಳು. ಮುದುಕಿಗೆ ಬದುಕಿನಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ.

ಇನ್ನು ಪುರಸಭೆ. ಮೊದಲು ಒಂದು ಬೋರ್ಡು ಬಂತು, 'ಪುರಸಭೆಯ ಸ್ವತ್ತು'. ಬೋರ್ಡು ತಾನೆ, ಅನ್ನ ಕೇಳುತ್ತದೆಯೇ, ಇರಲಿ ಅಂದರು. ಆಮೇಲೆ ಗೇಟು ಬಂತು. ದನ ನುಗ್ಗುವುದಿಲ್ಲ ಅಂತ ಎಲ್ಲರಿಗೂ ಖುಷಿ. ಗೇಟಿಗೆ ಬೀಗ ಬಿತ್ತು. ಬೀಗದ ಕೈ ಆಫೀಸಿಗೆ ಹೋಯಿತು. ಆಫೀಸಿಗೆ ರಜೆಯಿದ್ದ ದಿನ ಹೆಣ ಹೊತ್ತವರು ಗೇಟಿನ ಮುಂದೆ ಕೂರತೊಡಗಿದರು.

"ಇನ್ಮೇಲೆ ಸಾಯೋರು ರಜೆ ಇದೆಯಾ ಅಂತ ವಿಚಾರಿಸ್ಕೊಂಡು ಸಾಯ್ಬೇಕು ಕಣಮ್ಮ" ಅಂದಳು ಅತ್ತೆ.

ಆಮೇಲೆ ಇವರು ಹಾರೆ ಗುದ್ದಲಿ ಇಡುತ್ತಿದ್ದ ಕೋಣೆಗೆ ಬ್ಲೀಚಿಂಗ್ ಪುಡಿಯ ಚೀಲಗಳು ಬಂದು ಕೂತವು. ಕಸದ ಲಾರಿಗಳು ಬಂದು ನಿಂತವು. ಸಮಾಧಿಗಳ ನಡುವೆ ಟೈಲ್ಸು ಹಾಕಿದ ದಾರಿ, ಬೆಂಚು. ದೊಡ್ಡ ದೊಡ್ಡ ಹೊಟ್ಟೆಯವರು ಬಿಳಿ ಬೂಟು ತೊಟ್ಟು ಸತ್ತವರ ಕಾಲ ಬಳಿ ಓಡಾಡಿ ಹೊಟ್ಟೆ ಕರಗಿಸಿಕೊಳ್ಳತೊಡಗಿದರು. ಮೈಯೆಲ್ಲ ಮಣ್ಣಾದ ಹೆಂಗಸರನ್ನು ನೋಡಿ ಅವರಿಗೆ ಅಸಹ್ಯವಾಗುತ್ತದಂತೆ. ಅದಕ್ಕೆ ಗುಂಡಿ ತೋಡುವವರು ಗೇಟಿನಲ್ಲಿ ಬರಬಾರದು ಅಂತ ಅಪ್ಪಣೆಯಾಯಿತು. ಹಿಂಗೋಡೆಯ ಒಡಕಿನಲ್ಲಿ ನುಸುಳಬೇಕು. ಅತ್ತೆಯನ್ನು ನಾದಿನಿ ಆಚೆಯಿಂದ ತಳ್ಳುತ್ತಿದ್ದಳು, ಗುಂಡಕ್ಕ ಈಚೆಯಿಂದ ಎಳೆಯುತ್ತಿದ್ದಳು. "ಹುಟ್ಟುವಾಗಲೂ ಇಷ್ಟು ಕಷ್ಟ ಆಗ್ಲಿಲ್ಲ ಕಣ್ರೇ" ಅನ್ನುತ್ತಿದ್ದಳು ಮುದುಕಿ. ನಗುತ್ತಿದ್ದರು. ಏನು ಮಾಡುವುದು, ಅಳುತ್ತ ಗೋಡೆ ಹತ್ತಲಾಗುತ್ತದೆಯೇ?

ಹೀಗೆ ಒಂದೊಂದೇ ತುತ್ತು ನುಂಗುತ್ತ ಬಂದ ಪುರಸಭೆಗೆ ಕೊನೆಗೆ ಒಂದು ಸಭಾಂಗಣ ಬೇಕಾಯಿತು. ಪಕ್ಕದ ಗೋಡೆಗುಂಟ ಕಟ್ಟುವುದು ಅಂತ ತೀರ್ಮಾನ. ಪಿಲ್ಲರ್ ಗುಂಡಿ ತೋಡಲು ಕಂಟ್ರಾಕ್ಟರ್ ಕರೆತಂದ ಆಳುಗಳು ಜಾಗ ನೋಡಿದ್ದೇ, "ದೆವ್ವದ ಮನೆಗೆ ಪಾಯ ತೋಡಲ್ಲ ಸ್ವಾಮಿ" ಅಂತ ಗುದ್ದಲಿ ಹೆಗಲಿಗೇರಿಸಿ ಹೊರಟುಹೋದರು. ಆಗ ಇಂಜಿನಿಯರನಿಗೆ ಗುಂಡಕ್ಕನ ನೆನಪಾಯಿತು.

"ಪಿಲ್ಲರ್ ಗುಂಡಿ ತೋಡ್ತೀರೇನಮ್ಮ? ನಿಮಗೇನು, ನೀರು ಕುಡಿದಷ್ಟು ಸಲೀಸು."

"ಎಲ್ಲಿ ಸಾರ್?"

"ಈ ಪಕ್ಕದ ಗೋಡೆ ಹತ್ತಿರ. ಸಮಾಧಿ ಇಲ್ಲದ ಕಡೆ."

ಹಿಂಗೋಡೆಯ ಸುದ್ದಿ ಎತ್ತಲಿಲ್ಲ ಅವನು. ಗುಂಡಕ್ಕ ಒಪ್ಪಿದಳು. ಆ ದಿನಗಳಲ್ಲಿ ಊರಲ್ಲಿ ಯಾರೂ ಸಾಯುತ್ತಿರಲಿಲ್ಲ, ಒಲೆ ತಣ್ಣಗಿತ್ತು. ಇಂಜಿನಿಯರ್ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಚೌಕ ಚೌಕ ಗುರುತು ಹಾಕಿ ಹೋದ. ಅತ್ತಿಗೆ ನಾದಿನಿ ಸೆರಗು ಬಿಗಿದು ಇಳಿದರು. ಬೆನ್ನು ಬಗ್ಗಿಸಿದವರು ಎತ್ತಲಿಲ್ಲ. ಮೊದಲ ಬಾಂಡ್ಲಿ ಮಣ್ಣು ಬೀಳುವಷ್ಟರಲ್ಲಿ ಸುಣ್ಣದ ಗೆರೆ ಅಳಿಸಿಹೋಯಿತು. ಆಮೇಲೆ ಕೈ ತಾನಾಗಿ ನಡೆಯಿತು. ತಲೆ ಕಡೆ ಕೊಂಚ ಅಗಲ, ಕಾಲ ಕಡೆ ಕೊಂಚ ಕಿರಿದು, ಅಂಚು ನೆಟ್ಟಗೆ, ತಳ ಸಮ. ಆ ಗೋಡೆಯುದ್ದಕ್ಕೂ ಒಂದಾದ ಮೇಲೊಂದು ತೋಡಿಕೊಂಡು ಹೋದರು. ಅತ್ತೆಗೆ ಜ್ವರ, ಮನೆಯಲ್ಲಿ ಮಲಗಿದ್ದಳು. ತಪ್ಪು ಹೇಳುವವರು ಯಾರೂ ಇರಲಿಲ್ಲ.

ಕೊನೆಯ ಗುಂಡಿಯಲ್ಲಿ ನಾದಿನಿ ಬೆವರು ಒರೆಸಿಕೊಂಡು ಹಿಂದಕ್ಕೆ ನೋಡಿದಳು.

"ಅತ್ತಿಗೆ. ಪಿಲ್ಲರ್ ನಿಲ್ಲುತ್ತೋ, ಮಲಗುತ್ತೋ?"

"ನಿಲ್ಲುತ್ತೆ ಕಣೇ. ಯಾಕೆ?"

"ನಾವು ಮಲಗಿಸೋಕೆ ತೋಡಿದೀವಿ."

ಗುಂಡಕ್ಕ ನೋಡಿದಳು. ಪುರಸಭೆಯ ಬೋರ್ಡಿನ ಕೆಳಗಿನಿಂದ ಹಿಡಿದು ಅಷ್ಟುದ್ದಕ್ಕೂ ಸಾಲಾಗಿ, ಒಪ್ಪವಾಗಿ, ಹೆಣದ ಗುಂಡಿಗಳು! ಅಯ್ಯೋ ನನ್ನ ಕರ್ಮವೇ ಅಂದಳು. ಆಮೇಲೆ ಹೊಟ್ಟೆಯಾಳದಿಂದ ಅದೇನೋ ಎದ್ದು ಬಂತು. ಆ ನಗುವೇ ನಾನು ಮೊದಲು ಹೇಳಿದ ನಗು.

ಮಾರನೆಯ ಬೆಳಗ್ಗೆ ಶಂಕುಸ್ಥಾಪನೆ. ವಾಕಿಂಗಿಗೆ ಬಂದ ಹೊಟ್ಟೆಗಳು ಗುಂಡಿಗಳನ್ನು ನೋಡಿ ಬಂದ ದಾರಿಗೇ ತಿರುಗಿ, ಜೀವಮಾನದಲ್ಲಿ ಓಡದಷ್ಟು ಜೋರಾಗಿ ಓಡಿದವು. ಸುದ್ದಿ ಊರೆಲ್ಲ ಹರಡಿತು. ಬಸ್ಸು ಉರುಳಿದೆಯಂತೆ. ಇಲ್ಲ, ಕಾಯಿಲೆ ಬಂದಿದೆಯಂತೆ, ಸರ್ಕಾರ ಮೊದಲೇ ಗುಂಡಿ ತೋಡಿಸಿಟ್ಟಿದೆಯಂತೆ. ಕಸ ಗುಡಿಸುವವರು, ಚರಂಡಿ ಬಳಿಯುವವರು, ಹೊರೆ ಹೊರುವವರು ಗೇಟಿನ ಮುಂದೆ ನೆರೆದರು. ಕಸ ಗುಡಿಸುವ ಒಬ್ಬ ಹೆಂಗಸು ಕಂಬಿಗೆ ಮುಖ ಒತ್ತಿ ಗುಂಡಿಗಳನ್ನು ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. "ಅಯ್ಯೋ, ನಮ್ಮ ಸದಸ್ಯರು ಎಷ್ಟು ಜನ ಇದಾರೋ ಅಷ್ಟೇ ಇವೆ ಕಣ್ರೋ! ಅಧ್ಯಕ್ಷರದೂ ಸೇರಿ!" ಅಂದಳು. ಗೇಟು ಅಲ್ಲಾಡುವ ಹಾಗೆ ಜನ ನಕ್ಕರು.

ಅಧ್ಯಕ್ಷ ಸದಸ್ಯರ ಸಮೇತ ಹಾರ ಹಾಕಿಕೊಂಡೇ ಕಾರಿನಿಂದಿಳಿದ. ಎರಡು ಹೆಜ್ಜೆ ಬಂದ. ಸಾಲು ನೋಡಿದ. ಮುಖ ಸುಣ್ಣ ಬಳಿದ ಗೋಡೆಯಾಯಿತು. ಹಿಂದಿದ್ದ ಸದಸ್ಯರ ತುಟಿಗಳು ಮೆಲ್ಲಗೆ ಅಲ್ಲಾಡಿದವು. ಎಲ್ಲರೂ ಎಣಿಸುತ್ತಿದ್ದರು. ಒಬ್ಬ ಸದ್ದಿಲ್ಲದೆ ಹಾರ ತೆಗೆದು ಪಕ್ಕದವನ ಕೊರಳಿಗೆ ಹಾಕಿದ.

"ಯಾರು ಹೇಳಿದ್ದು ಇದನ್ನ ತೋಡೋಕೆ?" ಅಧ್ಯಕ್ಷ ಅರಚಿದ.

"ನೀವೇ ಸಾಮಿ" ಅಂದಳು, ಕೂಲಿಗೆಂದು ನಾದಿನಿಯ ಜೊತೆ ಬಂದು ನಿಂತಿದ್ದ ಗುಂಡಕ್ಕ.

"ಮುಚ್ಚು! ಈಗಲೇ ಮುಚ್ಚು!"

"ಖಾಲಿ ಗುಂಡಿ ಮುಚ್ಚಲ್ಲ ಸಾಮಿ."

ತಮಾಷೆಗೆ ಅಂದದ್ದಲ್ಲ. ಆ ಮನೆಯವರು ತೆರೆದ ಗುಂಡಿಯನ್ನು ಖಾಲಿ ಮುಚ್ಚಿದವರಲ್ಲ. ಬಾಯಿ ತೆರೆದ ಮೇಲೆ ತುತ್ತು ಇಡಲೇಬೇಕು ಅನ್ನುವುದು ಮಾವನ ಕಾಲದ ನಿಯಮ. ಹೆಣದ ಕಡೆಯವರು ಜಗಳವಾಡಿ ಬೇರೆ ಊರಿಗೆ ಹೆಣ ಒಯ್ದರೂ, ತೋಡಿದ ಗುಂಡಿಗೆ ಹಳೆಯ ಚಪ್ಪಲಿಯನ್ನೋ ಒಡೆದ ಮಡಕೆಯನ್ನೋ ಹಾಕಿಯೇ ಮುಚ್ಚುತ್ತಿದ್ದರು. ಆಯಸ್ಸು ಮುಗಿದ ವಸ್ತು ಏನಾದರೂ ಸರಿ.

"ಹಾಗಾದ್ರೆ ಏನಾದ್ರೂ ಹಾಕಿ ಮುಚ್ಚು! ನಿನಗೆ ಏನು ಬೇಕೋ ಅದು ಹಾಕು!" ಅಂದ ಅಧ್ಯಕ್ಷ. ಈ ಮಾತು ನೆನಪಿರಲಿ. ಊರೆಲ್ಲ ಕೇಳಿಸಿಕೊಂಡ ಮಾತು.

ಇಂಜಿನಿಯರ್ ಮಧ್ಯೆ ಬಂದು ತಿಪ್ಪೆ ಸಾರಿಸತೊಡಗಿದ. "ಸಾರ್, ಅಪಶಕುನ ಏನಿಲ್ಲ. ಹಿಂದಿನ ಮೂಲೇಲೂ ಒಂದು ಪಿಲ್ಲರ್ ಬರುತ್ತೆ. ಅಲ್ಲಿ ಒಂದು ಚೌಕದ ಗುಂಡಿ ತೋಡಿಸಿ, ಕಲ್ಲು ಅಲ್ಲೇ ಇಟ್ಟುಬಿಡೋಣ. ಖಾಲಿ ಜಾಗ." ಅಳತೆ ಟೇಪು ಎಳೆಯುತ್ತ ಹಿಂಗೋಡೆಯ ಕಡೆ ನಡೆದ. ಟೇಪಿನ ತುದಿಯನ್ನು ಒಂದು ಗೂಟಕ್ಕೆ ಸುತ್ತಿದ. ಗೂಟವನ್ನು ಬೂಟುಗಾಲಿನಿಂದ ಒದ್ದು ಒದ್ದು ನೆಲಕ್ಕೆ ಇಳಿಸಿದ.

ಗುಂಡಕ್ಕ ಆ ಗೂಟ ನೋಡಿದಳು. ನುಣುಪು. ಕರೀ ಬಣ್ಣ. ಮೇಲ್ತುದಿಯಲ್ಲಿ ಹೆಬ್ಬೆರಳು ಕೂತು ಕೂತು ಬಿದ್ದ ಕುಳಿ. ಗಂಡನ ಕಾವು. ಎಲ್ಲಿಂದಲೋ ಕಿತ್ತು ಎಲ್ಲಿಗೋ ನೆಟ್ಟಿದ್ದರು. ಮಾವನದು ಆಚೆ ಬಿದ್ದಿತ್ತು, ಎರಡು ತುಂಡು.

ನಗು ಹೋಯಿತು. ಮೈ ಉರಿಯಿತು. ಮಣ್ಣಿನಿಂದ ಗಂಡನನ್ನು ಎಳೆದು ತೆಗೆದಾಗ ಅವನ ಬಾಯಿ ತುಂಬ ಮಣ್ಣಿತ್ತು. ತನ್ನ ಬೆರಳಿನಿಂದಲೇ ತೆಗೆದಿದ್ದಳು. ಆ ಮಣ್ಣು ಈಗ ಅವಳ ಬಾಯಿಗೆ ಬಂದ ಹಾಗಾಯಿತು. ಸೀದಾ ನಡೆದು ಹೋದಳು. ಟೇಪು ಬಿಚ್ಚಿ ಎಸೆದಳು. ಕಾವು ಕಿತ್ತು ಎದೆಗೆ ಒತ್ತಿಕೊಂಡಳು.

"ಕಾಲು ತೆಗಿ" ಅಂದಳು.

"ಏನಮ್ಮ?"

"ನನ್ನ ಗಂಡನ ಎದೆ ಮೇಲೆ ನಿಂತಿದೀಯ. ಕಾಲು ತೆಗಿ ಅಂದೆ."

ಇಂಜಿನಿಯರ್ ಬೆಂಕಿ ತುಳಿದವನ ಹಾಗೆ ಹಾರಿದ. ಅಧ್ಯಕ್ಷ ದೂರದಿಂದಲೇ, "ಏ, ಆ ಮೂಲೇಲಿ ಯಾರೂ ಇಲ್ಲ. ಒಂದು ಕಲ್ಲಾದ್ರೂ ಇದೆಯಾ? ಖಾಲಿ ಜಾಗ ಅಂತಲೇ ನಮ್ಮ ದಾಖಲೇಲಿ ಇರೋದು" ಅಂದ.

"ಕಲ್ಲು ನೆಡೋಕೆ ಬಿಡದೋರು ಯಾರು? ನಿಮ್ಮಪ್ಪನಿಗೆ ಗುಂಡಿ ತೋಡಿದ್ದು ಇದೇ ಕೈ. ಅವತ್ತು ಕೂಲಿ ಮಣ್ಣಿಗೆ ಎಸೆದೆಯಲ್ಲ, ಆರಿಸಿಕೊಂಡಿದ್ದೂ ಇದೇ ಕೈ. ನಿಮ್ಮ ಚರಂಡೀಲಿ ಸತ್ತೋನು ಇಲ್ಲಿ ಮಲಗಿದಾನೆ. ಈ ಮೂಲೇಲಿ ನಾನು ಹಾರೆ ಹಾಕಲ್ಲ. ಬೇರೆಯೋರಿಗೂ ಹಾಕೋಕೆ ಬಿಡಲ್ಲ. ತೋಡಲ್ಲ ಅಂದ್ರೆ ತೋಡಲ್ಲ."

ಗೇಟಿನ ಬಳಿ ಗದ್ದಲ ನಿಂತಿತು. ಅಷ್ಟರಲ್ಲಿ ಹಿಂಗೋಡೆಯ ಒಡಕಿನಿಂದ ಒಂದು ದನಿ ಬಂತು.

"ತೋಡೇ."

ಅತ್ತೆ. ಜ್ವರದ ಮೈಗೆ ಕಂಬಳಿ ಹೊದ್ದು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಒಡಕಿನಲ್ಲಿ ಅರ್ಧ ಆಚೆ ಅರ್ಧ ಈಚೆ ಸಿಕ್ಕಿಕೊಂಡಿದ್ದಳು.

"ಏನಂದ್ರಿ ಅತ್ತೆ?"

"ಮೊದಲು ನನ್ನ ಎಳಿ. ಆಮೇಲೆ ತೋಡು. ಅವರು ಹೇಳಿದ ಜಾಗದಲ್ಲೇ ತೋಡು. ಪಾಪ, ದೊಡ್ಡೋರು ಇಷ್ಟು ಕೇಳ್ತಿದಾರೆ."

ಗುಂಡಕ್ಕ ಅತ್ತೆಯ ಮುಖ ನೋಡಿದಳು. ಮುದುಕಿ ಒಂದು ಕಣ್ಣು ಹೊಡೆದಳು. ಗುಂಡಕ್ಕನಿಗೆ ಅರ್ಥವಾಯಿತು. ನಾದಿನಿಗೆ ಅದಕ್ಕಿಂತ ಮೊದಲೇ ಆಗಿತ್ತು, ಆಗಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

"ನೋಡಿದ್ರಾ ಸಾರ್, ಹಿರಿಯರಿಗೆ ಬುದ್ಧಿ ಇರುತ್ತೆ" ಅಂದ ಇಂಜಿನಿಯರ್.

ತೋಡಿದರು. ಮಾವನಿಗೂ ಗಂಡನಿಗೂ ನಡುವೆ, ಇಬ್ಬರ ಮೈಗೂ ಹಾರೆ ತಾಗದ ಹಾಗೆ, ಬಿಟ್ಟ ಜಾಗದಲ್ಲಿ ಅಳೆದ ಹಾಗೆ ತೋಡಿದರು. ಮಣ್ಣು ಹಾರಿ ಹಾರಿ ಬಿತ್ತು. ಸದಸ್ಯರ ಬಿಳಿ ಪ್ಯಾಂಟುಗಳ ಮೇಲೂ ಬಿತ್ತು. ಬೆಳೆಯುತ್ತಿದ್ದ ಗುಂಡಿಯನ್ನು ನೋಡಿ ಇಂಜಿನಿಯರನ ನಗು ಸಣ್ಣದಾಯಿತು.

"ಇದೂ ಉದ್ದ ಆಗ್ತಿದೆಯಲ್ಲಮ್ಮ..."

"ಕೈ ಪಾಠ ಸಾರ್" ಅಂದಳು ನಾದಿನಿ. "ಬಿಡಿಸೋಕಾಗಲ್ಲ."

ತಳ ಸಮ ಮಾಡಿ ಗುಂಡಕ್ಕ ಕೈ ಚಾಚಿದಳು. ಮುದುಕಿ ಅಂಚಿಗೆ ಕೂತು ಕಾಲು ಇಳಿಬಿಟ್ಟು, ಸೊಸೆಯ ಹೆಗಲ ಮೇಲೆ ಭಾರ ಹಾಕಿ ಗುಂಡಿಗಿಳಿದಳು. ಕಂಬಳಿ ಹಾಸಿಕೊಂಡಳು. ಮಲಗಿದಳು. ಆ ಕಡೆ ತಟ್ಟಿ, "ಸರ್ಕೊಳ್ಳಿ" ಅಂದಳು. ಈ ಕಡೆ ತಟ್ಟಿ, "ಮಗಾ, ಊಟ ಆಯ್ತಾ?" ಅಂದಳು. ಆಮೇಲೆ ಆಕಾಶ ನೋಡಿಕೊಂಡು ಅಧ್ಯಕ್ಷನಿಗೆ ಹೇಳಿದಳು:

"ಖಾಲಿ ಜಾಗ ಅಂದ್ಯಲ್ಲಪ್ಪ. ಈಗ ಖಾಲಿ ಇಲ್ಲ. ಮುಂದಿನ ಬಸ್ಸಿಗೆ ಬಾ."

ಗೇಟಿನ ಬಳಿ ಎಂಥ ನಗು ಎದ್ದಿತು ಅಂತೀರಿ! ಕಸ ಗುಡಿಸುವವಳು ಪೊರಕೆಯ ಮೇಲೆ ಬಿದ್ದು ಹೊರಳಿದಳು. ಗೇಟು ತೆರೆದೇ ಇತ್ತು, ಶಂಕುಸ್ಥಾಪನೆಗೆ ಅವರೇ ತೆರೆದದ್ದು. ಜನ ಒಳಗೆ ನುಗ್ಗಿದರು.

"ಎತ್ತಿ ಹಾಕ್ರೋ ಆ ಮುದುಕೀನ!" ಅಂದ ಅಧ್ಯಕ್ಷ.

ಬಂದೋಬಸ್ತಿಗೆ ಬಂದಿದ್ದ ಇಬ್ಬರು ಪೊಲೀಸರು ಬಗ್ಗಿ ನೋಡಿದರು. ಮುದುಕಿ ಕೆಳಗಿನಿಂದ ಕೈ ಆಡಿಸಿ, "ಬನ್ನಿ ಬನ್ನಿ, ಇನ್ನೊಬ್ಬರಿಗೆ ಜಾಗ ಆಗುತ್ತೆ" ಅಂದಳು. ಒಬ್ಬ ಪೊಲೀಸು ಹಿಂದಕ್ಕೆ ಸರಿದು, "ಸಾರ್, ನೀವೇ ಇಳೀರಿ ಸಾರ್" ಅಂದ. ಅಧ್ಯಕ್ಷ ಇಳಿಯಲಿಲ್ಲ. ಸಮಾಧಿಯ ಮೇಲೆ ಸಭಾಂಗಣ ಕಟ್ಟಲು ಧೈರ್ಯ ಇದ್ದವನಿಗೆ ಗುಂಡಿಯ ಅಂಚಿಗೆ ಬರಲು ಧೈರ್ಯ ಇರಲಿಲ್ಲ.

ಅಷ್ಟರಲ್ಲಿ ನಾದಿನಿ ಕೂಗಿದಳು. "ಅಧ್ಯಕ್ಷರು ಹೇಳಿದಾರೆ! ಗುಂಡಿಗೆ ನಮಗೆ ಏನು ಬೇಕೋ ಅದು ಹಾಕಿ ಮುಚ್ಚಬಹುದಂತೆ! ಆಯಸ್ಸು ಮುಗಿದದ್ದು ಏನೇನಿದೆ?"

ಏನೇನಿತ್ತು ಅಂತ ಕೇಳಬೇಡಿ. ಮೊದಲು ಬೋರ್ಡು ಬಂತು, ಹೊರೆ ಹೊರುವವರು ಅದನ್ನು ಹೆಗಲ ಮೇಲೆ ಹೊತ್ತು ನಾಲ್ಕು ಹೆಜ್ಜೆಗೊಮ್ಮೆ ಇಳಿಸಿ ಬಿಕ್ಕಿ ಬಿಕ್ಕಿ ಅತ್ತರು. "ಎಷ್ಟು ಒಳ್ಳೇ ಬೋರ್ಡು, ಒಂದು ದಿನ ಮಾತಾಡ್ಲಿಲ್ಲ" ಅಂತ ಒಬ್ಬ ಎದೆ ಬಡಿದುಕೊಂಡ. ಗೇಟಿನ ಬೀಗಕ್ಕೆ ಒಂದು ಗುಂಡಿ. ಅದರ ಮೇಲೆ ಮಣ್ಣು ಹಾಕುವಾಗ ಹಿಂದೊಮ್ಮೆ ರಜೆಯ ದಿನ ಹೆಣದ ಜೊತೆ ಬಿಸಿಲಲ್ಲಿ ಕೂತಿದ್ದ ಒಬ್ಬ ಮಗ ನಿಜವಾಗಿ ಅತ್ತುಬಿಟ್ಟ. ಬ್ಲೀಚಿಂಗ್ ಚೀಲಗಳಿಗೆ ಗುಂಡಿ. ಬೆಂಚುಗಳಿಗೆ ಗುಂಡಿ. ಇಂಜಿನಿಯರನ ಟೇಪಿಗೂ ಒಂದು ಗುಂಡಿ. ಕೆಸರಿನಿಂದ ಬೆರಳು ಕೊಳೆತ ಚರಂಡಿಯವರು ಪುರಸಭೆ ಕೊಟ್ಟ ತೂತುಬಿದ್ದ ಕೈಗವಸುಗಳನ್ನು ತಂದು ಸುರಿದರು. ಗುಂಡಕ್ಕ ಗುಂಡಿಯೊಳಗೆ ನಿಂತು ಒಂದೊಂದನ್ನೂ ಕೈಯಾರೆ ತೆಗೆದುಕೊಂಡು, ತಲೆ ಯಾವ ಕಡೆ ಅಂತ ಕೇಳಿ ಮಲಗಿಸಿದಳು. ನಗುತ್ತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಯಾವುದಕ್ಕೆ ಯಾವುದು ಅಂತ ಅವಳಿಗೇ ತಿಳಿಯಲಿಲ್ಲ. ಸಾಲು ಮುಗಿಯುವ ಹೊತ್ತಿಗೆ ಸದಸ್ಯರು ಒಬ್ಬೊಬ್ಬರಾಗಿ ಜಾರಿಕೊಂಡಿದ್ದರು. ಅಧ್ಯಕ್ಷನ ಹಾರ ಒಂದು ಗುಂಡಿಯ ಬಳಿ ಬಿದ್ದಿತ್ತು, ಅದನ್ನೂ ಸೇರಿಸಿ ಮುಚ್ಚಿದರು.

ಗುಂಡಕ್ಕ ಗಂಡನ ಕಾವನ್ನು ಅವನ ತಲೆಯ ಕಡೆ ಮತ್ತೆ ನೆಟ್ಟಳು. ಮಾವನದನ್ನು ತಂತಿಯಿಂದ ಕಟ್ಟಿ ನೆಟ್ಟಳು. ನಡುವಿನ ಗುಂಡಿ ಮಾತ್ರ ತೆರೆದೇ ಇತ್ತು.

"ಅಮ್ಮ, ಏಳು. ಗಂಜಿ ಕುಡಿಯುವೆಯಂತೆ" ಅಂದಳು ನಾದಿನಿ.

"ನಾನು ಎದ್ರೆ ಇವರು ಸಿಮೆಂಟು ಸುರೀತಾರೆ."

"ಹಾಗಂತ ಇಲ್ಲೇ ಇರ್ತೀಯಾ?"

ಮುದುಕಿ ಎದ್ದು ಕೂತಳು. ಹೆಗಲ ಮೇಲಿನ ಟವೆಲು ತೆಗೆದು, ಬಸ್ಸಿನ ಕಿಟಕಿಯಿಂದ ಸೀಟಿಗೆ ಹಾಕುವ ಹಾಗೆ, ಗುಂಡಿಯ ತಳದಲ್ಲಿ ನೀಟಾಗಿ ಹಾಸಿದಳು. "ನೀನು ಬಂದು ಕೂತ್ಕೋ. ನಾನು ಗಂಜಿ ಕುಡಿದು ಬರ್ತೀನಿ" ಅಂದಳು ಸೊಸೆಗೆ.

ಅಂದಿನಿಂದ ಪಾಳಿ ನಡೆಯುತ್ತಿದೆ. ಅತ್ತೆ ಎದ್ದರೆ ನಾದಿನಿ, ನಾದಿನಿ ಎದ್ದರೆ ಕಸ ಗುಡಿಸುವವಳು. ಕೆಲಸ ಮುಗಿಸಿ ನಡು ನೋವು ಅಂತ ಬರುವವರಿಗೆ ಆ ತಳ ಒಳ್ಳೆಯ ಹಾಸಿಗೆ. ಒಬ್ಬಳು ಅಲ್ಲೇ ಕೂತು ಸೊಪ್ಪು ಬಿಡಿಸುತ್ತಾಳೆ, ಇನ್ನೊಬ್ಬಳು ಗೊರಕೆ ಹೊಡೆಯುತ್ತಾಳೆ. ಗೊರಕೆ ಕೇಳಿ ವಾಕಿಂಗಿನವರು ವಾಕಿಂಗನ್ನೇ ಬಿಟ್ಟರು. ಪುರಸಭೆಯಿಂದ ಆಗಾಗ ಇಂಜಿನಿಯರ್ ಬರುತ್ತಾನೆ. ಹತ್ತಿರ ಬರುವುದಿಲ್ಲ. ದೂರದಲ್ಲಿ ನಿಂತು ಖಾಲಿಯಾಗಿದೆಯೇ ಅಂತ ಕೂಗಿ ಕೇಳುತ್ತಾನೆ.

ಮೊನ್ನೆ ಅವನು ಬಂದಾಗ ಗುಂಡಕ್ಕನ ಪಾಳಿ. ಟವೆಲಿನ ಮೇಲೆ ಅಂಗಾತ ಮಲಗಿದ್ದಳು. ಗಂಡನ ಕಡೆಯ ಮಣ್ಣಿಗೆ ಕೈ ಆನಿಸಿದ್ದಳು, ತಂಪಾಗಿತ್ತು.

"ಏನಮ್ಮ, ಇನ್ನೂ ಎಷ್ಟು ದಿನ ಹೀಗೆ?" ಅಂದ ಅವನು, ದಣಿದ ದನಿಯಲ್ಲಿ.

"ಸಾಯೋವರೆಗೂ ಸಾರ್."

"ಆಮೇಲೆ?"

ಗುಂಡಿಯೊಳಗೆ ನಗಬಾರದು ಅನ್ನುವ ಪಾಠವನ್ನು ಗುಂಡಕ್ಕ ಪೂರ್ತಿ ಮರೆತಿದ್ದಳು. ಜೋರಾಗಿ ನಕ್ಕಳು.

"ಆಮೇಲಂತೂ ಏಳೋದೇ ಇಲ್ಲವಲ್ಲ!"